ಒಳಪಟ್ಟಿ

ಡೆಟ್ರಾಯಿಟ್‌ನ ಜನವರಿ. ನದಿಯ ಕಡೆಯಿಂದ ಬರುವ ಗಾಳಿ
ಯಾರ ದೊಡ್ಡಸ್ತಿಕೆಯನ್ನೂ ನೋಡುವುದಿಲ್ಲ.
ಕಿವಿ ಕಂಡರೆ ಸಾಕು,
ಸಾಲ ವಸೂಲಿಗೆ ಬಂದವನ ಹಾಗೆ ಹಿಡಿದು ತಿರುಚುತ್ತದೆ.

ಡೀಕನ್ ಲೆಮ್ಯುಯಲ್ ಟಾಲಿವರ್ ಅಂಗಡಿಗೆ ಬಂದರು
ಎರಡೂ ಕೈಯಲ್ಲಿ ಟೋಪಿ ಹಿಡಿದು,
ತುಳುಕೀತು ಎಂದು ಹೆದರಿದವರಂತೆ.
ಬೂದು ಫೆಡೋರಾ. ಮೊಲದ ತುಪ್ಪಳದ ಫೆಲ್ಟ್.
ಸುತ್ತ ಕಪ್ಪು ರಿಬ್ಬನ್, ಮಗ್ಗುಲಲ್ಲಿ ಒಂದೇ ಒಂದು ಗರಿ.
ಅವರಪ್ಪನದು.
"ಮಿಸ್ ಆರ್ವೀನ್, ಇದು ಬೆಚ್ಚಗಾಗಬೇಕು.
ಆದರೆ ಬೆಚ್ಚಗಾಗಿದೆ ಅಂತ ಯಾರಿಗೂ ಗೊತ್ತಾಗಬಾರದು."

ಅವರ ತಲೆ ತಣ್ಣಗೆ; ನನಗೆ ತಲೆಬಿಸಿ.

ಯಾಕೆಂದರೆ ಟೋಪಿ ಎನ್ನುವುದು ತಲೆಯ ಅಳತೆಗೆ ಹುಟ್ಟಿದ್ದು.
ಒಳಗೊಂದು ಪದರ ಇಟ್ಟರೆ ತಲೆಗೆ ಜಾಗವಿಲ್ಲ,
ತಲೆಗೆ ಜಾಗ ಬಿಟ್ಟರೆ ಗಾಳಿಗೂ ಬಿಟ್ಟ ಹಾಗೆ.
ನಲವತ್ತು ವರ್ಷದಿಂದ ಇದೇ ವ್ಯಾಜ್ಯ ನನ್ನದು,
ಕೂದಲೆಳೆಯಷ್ಟು ಜಾಗಕ್ಕಾಗಿ.
(ಕೂದಲು ಉದುರಿದವರಲ್ಲಿ ತೀರ್ಪು ಸ್ವಲ್ಪ ಸುಲಭ.)

"ಉಣ್ಣೆಯ ಕುಲಾವಿ ಹಾಕಬಾರದೆ?" ಎಂದೆ, ಉತ್ತರ ಗೊತ್ತಿದ್ದೂ.
ನಮ್ಮ ಚರ್ಚಿನಲ್ಲಿ ಯಾರೇ ತೀರಿಕೊಂಡರೂ
ಪೆಟ್ಟಿಗೆಯ ಮುಂದೆ ನಡೆಯುವವರು ಅವರೇ,
ಬೆನ್ನು ಸೆಟೆಸಿ, ಎಡಬಲ ನೋಡದೆ.
"ಕೊರಾಲಿ ಹೆಣೆದುಕೊಟ್ಟಿದ್ದಾಳೆ ಒಂದು.
ನೇರಳೆ ಬಣ್ಣ. ತುದಿಗೆ ಗೊಂಡೆ.
ಗೊಂಡೆ ಕುಣಿಸಿಕೊಂಡು ಹೆಣದ ಮುಂದೆ ಹೋಗಲೇನು?"
ನಗು ಬಂತು. ನಗಲಿಲ್ಲ.
ತುಟಿಗಳ ನಡುವೆ ಆರು ಗುಂಡುಸೂಜಿಗಳಿದ್ದವು.

ಮರುದಿನ ಕೊರಾಲಿ ಬಂದಳು. ಕೂರಲಿಲ್ಲ.
ಆ ನೇರಳೆ ಕುಲಾವಿಯನ್ನು ಮೇಜಿನ ಮೇಲಿಟ್ಟಳು.
ಗೊಂಡೆಯನ್ನು ಆಗಲೇ ಕತ್ತರಿಸಿದ್ದಳು,
ಕತ್ತರಿಸಿದ ಜಾಗ ಹಕ್ಕಿಯ ಎದೆಯಂತೆ ತರಿತರಿ.
"ಅವರಿಗೆ ಹೇಳಬೇಡ" ಎಂದಳು. ಹೋದಳು.

ಕೆಟಲಿನ ಮೂತಿಗೆ ಟೋಪಿ ಹಿಡಿದೆ.
ಆವಿ ಕುಡಿದ ಫೆಲ್ಟ್ ಮೆತ್ತಗಾಗಿ,
ಒದ್ದೆ ಪ್ರಾಣಿಯ ವಾಸನೆ ಅಂಗಡಿಯೆಲ್ಲ.
ಒಳಗಿನ ಚರ್ಮದ ಪಟ್ಟಿಯನ್ನು
ಒಂದೊಂದೇ ಹೊಲಿಗೆ ಬಿಚ್ಚಿ ಮಗುಚಿದರೆ,
ಅಲ್ಲಿ, ನಾಲ್ಕು ಮಡಿಕೆ ಮಡಚಿಟ್ಟ ಪತ್ರಿಕೆ!
ಬೆವರು ಕುಡಿದು ಹೊಗೆಸೊಪ್ಪಿನ ಬಣ್ಣ.
ಅಪ್ಪನ ತಲೆ ದೊಡ್ಡದಿತ್ತು.
ಮಗ ಯಾರಿಗೂ ಹೇಳದೆ ಕಾಗದ ತುರುಕಿ
ಅಳತೆ ಸರಿಮಾಡಿಕೊಂಡಿದ್ದ, ಇಷ್ಟು ವರ್ಷ.
ಬಿಡಿಸಿ ಓದಿದೆ. ಅರ್ಧ ಜಾಹೀರಾತು ಮಾತ್ರ ಉಳಿದಿತ್ತು:
ಬಳಸಿದ ಸ್ಟೌ, ಒಳ್ಳೆಯ ಸ್ಥಿತಿ, ಬೆಲೆ ಮಾತಾಡಬಹುದು.

ಆ ಕಾಗದ ಖಾಲಿಮಾಡಿದ ಜಾಗದಲ್ಲಿ
ಕೊರಾಲಿಯ ನೇರಳೆ ಸರಿಯಾಗಿ ಕೂತಿತು.
ನಾನೇನೂ ಅಳೆದಿರಲಿಲ್ಲ.
ನೆತ್ತಿಗೆ ಫ್ಲಾನೆಲ್, ಅದರ ಮೇಲೆ ಹಳೆಯ ರೇಷ್ಮೆ;
ಕಿವಿಗೆಂದು ಎರಡು ಮಡಿಕೆ, ಬೇಕಾದಾಗ ಇಳಿಸಲು.
ಕನ್ನಡಿಯ ಮುಂದೆ ಡೀಕನ್ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು.
"ಹೊರಗೆ ಏನೂ ಕಾಣುವುದಿಲ್ಲ" ಎಂದರು.
ಒಳಗೆ ನೋಡಲಿಲ್ಲ. ದುಡ್ಡು ಕೊಟ್ಟರು.

ಸಿಸ್ಟರ್ ಯೂಲಾಳನ್ನು ಮಣ್ಣು ಮಾಡಿದ ದಿನ
ನೆಲ ಅಗೆಯಲು ಯಂತ್ರ ತರಿಸಬೇಕಾಯಿತು.
ಹಿಮದಲ್ಲಿ ಬೂದು ಟೋಪಿ ಮುಂದೆ ಮುಂದೆ,
ನಾವು ಹಿಂದೆ, ಮೂಗು ಸೋರಿಸುತ್ತ.
ನನ್ನ ಹೊಲಿಗೆಯ ಬಗ್ಗೆ ಸ್ವಲ್ಪ ಜಂಬ ಬಂದಿತ್ತು.
ಗುಂಡಿಯ ಬಳಿ ಪಾದ್ರಿ ಪುಸ್ತಕ ತೆರೆದರು,
ಗಂಡಸರೆಲ್ಲ ಟೋಪಿ ತೆಗೆದರು.

ಅಯ್ಯೋ, ಇದನ್ನೇ ಮರೆತಿದ್ದೆ.
ಚಳಿ ಅತಿಯಾಗಿರುವ ಜಾಗದಲ್ಲೇ
ಟೋಪಿ ತಲೆಯ ಮೇಲಿರುವುದಿಲ್ಲ.

ಡೀಕನ್ನರ ಬೋಳು ನೆತ್ತಿಯಿಂದ ಆವಿ ಏಳುತ್ತಿತ್ತು,
ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ.
ಎದೆಗೆ ಒತ್ತಿಕೊಂಡ ಟೋಪಿಯೊಳಗೆ
ಅವರ ಬೆರಳುಗಳು ಹೋದವು. ನಿಂತವು.
ಮತ್ತೆ ಮೆಲ್ಲಗೆ ಪಟ್ಟಿಯಡಿ ತಡಕಿದವು,
ಹೆಣಿಗೆಯ ಒಂದೊಂದು ಕಣ್ಣನ್ನೂ ಎಣಿಸುವಂತೆ.
ತಲೆ ಬಗ್ಗಿಸಿ ನೋಡಿದರು.
ನನ್ನ ಪಕ್ಕದಲ್ಲಿ ಕೊರಾಲಿ
ಆಕಾಶದಲ್ಲಿ ಏನೋ ಇದೆ ಎನ್ನುವಂತೆ ಮೇಲೆ ನೋಡಿದಳು.

ಪ್ರಾರ್ಥನೆ ಉದ್ದವಾಯಿತು.
ಮುಗಿದ ಮೇಲೆ ಟೋಪಿ ಏರಿಸಿ, ಅಂಚು ಸವರಿ,
ಡೀಕನ್ ಎಂದಿನ ಹಾಗೆ ಮುಂದೆ ನಡೆದರು,
ಹುಬ್ಬಿನ ಮೇಲೆ ಒಂದು ನೇರಳೆ ಎಳೆ.
ಯಾರೂ ಹೇಳಲಿಲ್ಲ.